ನಲ್ವತ್ತು ಸಾವಿರದಲ್ಲಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸೋದಾದ್ರೆ: ಮೊದಲು ಕರೆಂಟು ನೋಡಿ, ಪ್ರೊಸೆಸರ್ ಆಮೇಲೆ

ಪ್ರಶ್ನೆ: ಕೇರಳದ ಕಾಸ್ರಗೋಡು ಕಡೆಯ ಬದಿಯಡ್ಕ ಹತ್ತಿರ ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರು. ಮಗಳು ಪ್ಲಸ್ ವನ್ (ಹನ್ನೊಂದನೇ ಕ್ಲಾಸು), ಕಂಪ್ಯೂಟರ್ ಸಯನ್ಸ್ ತಗೊಂಡಿದ್ದಾಳೆ. ನನಗೆ ಪ್ರಶ್ನೆಪತ್ರಿಕೆ ಟೈಪ್ ಮಾಡ್ಲಿಕ್ಕೆ ಉಂಟು, ತಾಳಮದ್ದಳೆ ರೆಕಾರ್ಡ್ ಮಾಡಿದ್ದನ್ನ ಕಟ್ ಮಾಡಿ ಯೂಟ್ಯೂಬಿಗೆ ಹಾಕ್ಲಿಕ್ಕೂ ಉಂಟು. ಸಣ್ಣ ಮಗನಿಗೆ ಗೇಮ್ ಬೇಕಂತೆ. ಹೆಚ್ಚೆಂದ್ರೆ 40 ಸಾವಿರ. ಹಳೇ ಮಾನಿಟರ್ ಮನೆಯಲ್ಲಿದೆ. ಪೇಟೆಯ ಒಂದು ಅಂಗಡಿಯಲ್ಲಿ "ಐ7, 16 ಜಿಬಿ ರ‍್ಯಾಮ್, 512 ಎಸ್ಸೆಸ್ಡಿ, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಲೈಟಿನ ಕ್ಯಾಬಿನೆಟ್, ಎಲ್ಲ ಸೇರಿ 24 ಸಾವಿರ" ಅಂತ ಹೇಳಿದ್ರು. ತಗೊಳ್ಳುದಾ, ಅಲ್ಲ ಬಿಡಿ ಬಿಡಿಯಾಗಿ ತಗೊಂಡು ನಾವೇ ಜೋಡಿಸುದಾ?

ಉತ್ತರ:

ಮಾಷ್ಟ್ರೇ, ಆ 24 ಸಾವಿರದ್ದು ಬೇಡ. ಯಾಕೆ ಬೇಡ ಅಂತ ಮೊದಲು ಹೇಳ್ತೇನೆ, ಯಾಕಂದ್ರೆ ಇಂಥದ್ದೇ ಆಫರ್ ಕುಂಬಳೆಯಲ್ಲಿ, ಉಪ್ಪಳದಲ್ಲಿ, ಮಂಗ್ಳೂರಲ್ಲಿ, ಆನ್‌ಲೈನಲ್ಲಿ ಎಲ್ಲ ಕಡೆ ಉಂಟು.

ಐ7 ಅಂದ್ರೆ ಮಾಡೆಲ್ ಅಲ್ಲ, ಇಂಟೆಲ್ ಕಂಪೆನಿಯ ಪ್ರೊಸೆಸರಿನ ಬರೀ ಹೆಸರು. ಅಂಗಡಿಗೆ ಫೋನ್ ಮಾಡಿ "ಐ7 ಆದ್ಮೇಲೆ ಬರೋ ನಂಬರ್ ಎಷ್ಟು" ಅಂತ ಕೇಳಿ. 2600, 3770, 4770 ಅಂತ ನಾಲ್ಕಂಕಿ ನಂಬರ್ ಹೇಳಿದ್ರೆ ಅದರ ಮೊದಲ ಅಂಕಿಯೇ ಜನರೇಶನ್, ಅಂದ್ರೆ ಎರಡನೇದು, ಮೂರನೇದು, ನಾಲ್ಕನೇದು. ಐದಂಕಿ ಇದ್ರೆ ಮೊದಲ ಎರಡಂಕಿ ನೋಡ್ಬೇಕು, 12100 ಅಂದ್ರೆ ಹನ್ನೆರಡನೇ ಜನರೇಶನ್. ಈ ರೇಟಿಗೆ ಐ7 ಕೊಡ್ತಾರೆ ಅಂದ್ರೆ ಅದು ಹೆಚ್ಚಾಗಿ 3770 ಥರದ್ದು, 2012ರಲ್ಲಿ ಬಂದದ್ದು, ಯಾವುದೋ ಆಫೀಸಿನ ಹಳೇ ಕಂಪ್ಯೂಟರಿಂದ ತೆಗೆದದ್ದು, ಅದನ್ನ ಹೆಸರಿಲ್ಲದ ಕಂಪೆನಿಯ ಹೊಸ ಎಚ್61 ಬೋರ್ಡಿಗೆ (ಪಾರ್ಟೆಲ್ಲ ಕೂರಿಸೋ ಮದರ್‌ಬೋರ್ಡ್) ಹಾಕಿ ಹೊಳೆಯೋ ಕ್ಯಾಬಿನೆಟಲ್ಲಿ ಇಟ್ಟು ಕೊಡೋದು. ಅದಕ್ಕೆ ನಾಲ್ಕು ಕೋರ್ ಎಂಟು ಥ್ರೆಡ್ (ಕೋರ್ ಅಂದ್ರೆ ಲೆಕ್ಕ ಮಾಡೋ ಭಾಗ, ಥ್ರೆಡ್ ಅಂದ್ರೆ ಒಂದೇ ಸರ್ತಿ ಹಿಡಿಯೋ ಕೆಲಸ). ಈಗಿನ ಐ3-12100ಕ್ಕೂ ನಾಲ್ಕು ಕೋರ್ ಎಂಟು ಥ್ರೆಡ್ಡೇ, ಆದ್ರೆ ಒಂದೊಂದು ಕೋರ್ ಒಂದೂವರೆ ಪಟ್ಟಿಗೂ ಜಾಸ್ತಿ ಸ್ಪೀಡು. ಅದಲ್ಲದೆ ವಿಂಡೋಸ್ 11 ಹಾಕ್ಬೇಕಂದ್ರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಆದ್ರೂ ಇರ್ಬೇಕು, ಟಿಪಿಎಂ 2.0 (ಭದ್ರತೆಯ ಚಿಪ್ಪು) ಬೇಕು, ಮತ್ತು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ. ಅಂದ್ರೆ ತಂದ ದಿನವೇ ಅದಕ್ಕೆ ವಯಸ್ಸಾಗಿದೆ. ಆ "2 ಜಿಬಿ ಗ್ರಾಫಿಕ್ಸ್ ಕಾರ್ಡ್" ಜಿಟಿ 710 ಅಥವಾ 730 ಆಗಿದ್ರೆ (ಈ ರೇಟಲ್ಲಿ ಅದೇ ಆಗಿರೋ ಚಾನ್ಸ್ ಜಾಸ್ತಿ) ಅದೂ ಹತ್ತು ವರ್ಷಕ್ಕಿಂತ ಹಳೇ ಚಿಪ್ಪು, ಎಎಂಡಿ ಕಂಪೆನಿಯ ಹೊಸ ಪ್ರೊಸೆಸರ್ ರೈಜನ್ 5600ಜಿ ಒಳಗೇ ಇರೋ ಗ್ರಾಫಿಕ್ಸ್ ಅದಕ್ಕಿಂತ ಎಷ್ಟೋ ಮೇಲು.

ಹಾಗಾದ್ರೆ ನಾವೇ ಜೋಡಿಸೋದೇ ಸರಿ. ಆದ್ರೆ ಬೆಂಗ್ಳೂರಿನವರ ವಿಡಿಯೋ ನೋಡಿ ಅದೇ ಲಿಸ್ಟ್ ಕಾಪಿ ಹೊಡಿಬೇಡಿ. ಅವರು ದುಡ್ಡು ಹಂಚೋದು ಪ್ರೊಸೆಸರಿಂದ ಶುರು ಮಾಡ್ತಾರೆ, ಉಳಿದ ಚಿಲ್ಲರೆಯಲ್ಲಿ ಎಸ್ಎಂಪಿಎಸ್. ನಮ್ಮೂರಲ್ಲಿ ಅದು ನಡಿಯೋದಿಲ್ಲ. ಗುಡ್ಡದ ಮೇಲೆ ಮನೆ, ಉದ್ದದ ಲೈನು, ಸಂಜೆ ತೋಟದ ಪಂಪೆಲ್ಲ ಒಟ್ಟಿಗೆ ಶುರುವಾದ್ರೆ ವೋಲ್ಟೇಜ್ ಕುಸಿತದೆ, ಮಳೆಗಾಲದಲ್ಲಿ ಮರದ ಗೆಲ್ಲು ಬಿದ್ದು ದಿನಕ್ಕೆ ಎಷ್ಟು ಸರ್ತಿ ಕರೆಂಟು ಹೋಗಿ ಬರ್ತದೆ ಅಂತ ನಿಮಗೇ ಗೊತ್ತುಂಟು. ನಮ್ಮ ಕಡೆ ಕಂಪ್ಯೂಟರ್ ಹಾಳಾಗೋದು ಹಳತಾಗಿ ಅಲ್ಲ, ಕರೆಂಟಿಂದ ಮತ್ತೆ ಥಂಡಿಯಿಂದ. ಹಾಗಾಗಿ ನಾನು ಲೆಕ್ಕ ಹಾಕೋದೇ ಆ ಕಡೆಯಿಂದ.

ಎಸ್ಎಂಪಿಎಸ್ ಅಂದ್ರೆ ಗೋಡೆಯ 230 ವೋಲ್ಟನ್ನ ಬೋರ್ಡಿಗೆ ಬೇಕಾದ 12, 5, 3.3 ವೋಲ್ಟ್ ಮಾಡಿ ಕೊಡೋ ಡಬ್ಬ. ಕ್ಯಾಬಿನೆಟಿನ ಒಟ್ಟಿಗೆ ಫ್ರೀ ಬರೋದನ್ನ ಉಪಯೋಗಿಸ್ಲೇಬೇಡಿ. ಅಂಗಡಿಯಲ್ಲಿ ಅದರ ಬದಿಯ ಲೇಬಲ್ ಓದಿ, ಮೇಲೆ ದೊಡ್ಡಕ್ಕೆ 450 ಅಂತ ಬರ್ದಿರ್ತದೆ, ಕೆಳಗೆ ಸಣ್ಣ ಟೇಬಲ್ ಇರ್ತದೆ, ಅದರಲ್ಲಿ +12 ವೋಲ್ಟ್ ಕಾಲಂ ಹುಡ್ಕಿ ಎಷ್ಟು ಆಂಪಿಯರ್ ಅಂತ ನೋಡಿ. 16 ಆಂಪಿಯರ್ ಅಂತ ಇದ್ರೆ 12 ಗುಣಿಸು 16, ಬರೀ 192 ವಾಟ್. ಈಗಿನ ಕಂಪ್ಯೂಟರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟು ಎಳೆಯೋದು ಈ 12 ವೋಲ್ಟಿಂದಲೇ, ಹಾಗಾಗಿ ಅದು ಹೆಸರಿಗೆ ಮಾತ್ರ 450. ಸರಿಯಾದ 450 ವಾಟಿನದ್ದರಲ್ಲಿ ಅದೇ ಜಾಗದಲ್ಲಿ 36 ಆಂಪಿಯರ್ ಹತ್ರ ಇರ್ತದೆ, 432 ವಾಟ್ ಆಯ್ತು. 80 ಪ್ಲಸ್ ಬ್ರಾಂಝ್ (ಕರೆಂಟು ಪೋಲು ಮಾಡೋದು ಕಮ್ಮಿ ಅಂತ) ಗುರುತು ಇರೋ, ಕಡಿಮೆ ಅಂದ್ರೂ ಮೂರು ವರ್ಷ ವಾರಂಟಿ ಇರೋ, ಗುರುತಿನ ಕಂಪೆನಿಯದ್ದು 450 ಅಥವಾ 550 ವಾಟ್ ತಗೊಳ್ಳಿ. ನಾನು ಮುಂದೆ ಹೇಳೋ ಕಂಪ್ಯೂಟರ್ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಫುಲ್ ಲೋಡಲ್ಲೂ 150 ವಾಟ್ ದಾಟೋದಿಲ್ಲ, ಮತ್ಯಾಕೆ 450 ಅಂದ್ರೆ ಒಂದು, ನಾಳೆ ಮಗನಿಗೆ ಕಾರ್ಡ್ ಹಾಕಿದ್ರೆ ಇದೇ ಸಾಕು, ಇನ್ನೊಂದು, ಒಳ್ಳೇದು ಅದಕ್ಕಿಂತ ಸಣ್ಣ ಸೈಜಲ್ಲಿ ಸಿಗೋದು ಕಮ್ಮಿ.

ಒಳ್ಳೆ ಎಸ್ಎಂಪಿಎಸ್ಸಿನ ಇನ್ನೊಂದು ಉಪಯೋಗ ನಮ್ಮವರಿಗೆ ಯಾರೂ ಹೇಳೋದಿಲ್ಲ. ಕರೆಂಟು ಕಟ್ಟಾದ ಮೇಲೂ ಅದು ಸುಮಾರು 16 ಮಿಲಿಸೆಕೆಂಡ್ ತನ್ನೊಳಗಿನ ದೊಡ್ಡ ಕೆಪಾಸಿಟರ್ ಬಲದಲ್ಲಿ ತಡ್ಕೊಳ್ತದೆ. ಮನೆಯಲ್ಲಿ ಸೈನ್ ವೇವ್ (ಲೈನಿನ ಕರೆಂಟಿನ ಹಾಗೆಯೇ ಕೊಡೋ) ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ರೆ ಅದಕ್ಕೆ ಹಾಕಿಡಿ, ಆಗ ಲೈನಿಂದ ಬ್ಯಾಟರಿಗೆ ಬದಲೋದು ಬೇಗ ಆಗ್ತದೆ, ಕಂಪ್ಯೂಟರ್ ಆಫ್ ಆಗದೆ ನಡಿತದೆ, ಬೇರೆ ಯುಪಿಎಸ್ಸಿಗೆ ದುಡ್ಡು ಹಾಕ್ಬೇಕಂತಿಲ್ಲ. ಕಳಪೆ ಎಸ್ಎಂಪಿಎಸ್ ಆದ್ರೆ ಅಷ್ಟು ಹೊತ್ತೂ ತಡ್ಕೊಳ್ಳೋದಿಲ್ಲ, ಇನ್ವರ್ಟರ್ ಇದ್ದೂ ರೀಸ್ಟಾರ್ಟ್ ಆಗ್ತದೆ, ಜನ ಇನ್ವರ್ಟರಿಗೆ ಬೈತಾರೆ. ಇನ್ವರ್ಟರ್ ಇಲ್ಲ ಅಥವಾ ಹಳೇ ಸ್ಕ್ವೇರ್ ವೇವಿಂದು ಅಂತಾದ್ರೆ 600 ವಿಎ ಯುಪಿಎಸ್ ಒಂದು ಬೇಕೇ ಬೇಕು, ಫೈಲ್ ಸೇವ್ ಮಾಡಿ ಆಫ್ ಮಾಡ್ಲಿಕ್ಕೆ ಬೇಕಾದ ಕೆಲವು ನಿಮಿಷ ಅದು ಕೊಡ್ತದೆ, ಅದಕ್ಕಿಂತ ಹೆಚ್ಚು ಕೇಳ್ಬೇಡಿ, ಲೇಸರ್ ಪ್ರಿಂಟರ್ ಅದಕ್ಕೆ ಸಿಕ್ಕಿಸ್ಬೇಡಿ.

ಅರ್ಥಿಂಗ್ ನೋಡಿದ್ದೀರಾ? ಕಂಪ್ಯೂಟರ್ ತರೋ ಮೊದಲು ಎಲೆಕ್ಟ್ರಿಶಿಯನನ್ನ ಕರ್ಸಿ ಆ ಕೋಣೆಯ ತ್ರೀ ಪಿನ್ ಪ್ಲಗ್ಗಿನ ಅರ್ಥ್ ಚೆಕ್ ಮಾಡ್ಸಿ. ನಮ್ಮದು ಮುರಕಲ್ಲಿನ ಜಾಗ, ಮಾರ್ಚ್ ಏಪ್ರಿಲಲ್ಲಿ ಅರ್ಥ್ ಗುಂಡಿ ಒಣಗಿ ಕಲ್ಲಾಗ್ತದೆ, ತಂತಿ ಇದ್ರೂ ಅರ್ಥ್ ಇಲ್ಲದ ಹಾಗೆಯೇ. ಎಷ್ಟೋ ಮನೆಯಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟಿನ ಹಿಂದಿನ ಸ್ಕ್ರೂ ಮುಟ್ಟಿದ್ರೆ ಜುಮ್ ಅಂತದೆ, "ಕಂಪ್ಯೂಟರ್ ಶಾಕ್ ಹೊಡಿತದೆ" ಅಂತ ಸರ್ವೀಸಿಗೆ ತರ್ತಾರೆ. ಕಂಪ್ಯೂಟರಿಗೆ ಏನೂ ಆಗಿಲ್ಲ. ಎಸ್ಎಂಪಿಎಸ್ ಒಳಗೆ ಬಾಗಿಲಲ್ಲೇ ಎರಡು ಸಣ್ಣ ಕೆಪಾಸಿಟರ್ ಉಂಟು, ಒಂದು ಫೇಸಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲಿಂದ ಬಾಡಿಗೆ, ಕರೆಂಟಿನ ಕೊಳೆ ಅರ್ಥಿಗೆ ಹೋಗ್ಲಿ ಅಂತ ಇಟ್ಟದ್ದು. ಅರ್ಥ್ ಇಲ್ಲದಿದ್ರೆ ಆ ಕೊಳೆಗೆ ಹೋಗ್ಲಿಕ್ಕೆ ದಾರಿ ಇಲ್ಲ, ಬಾಡಿ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದ್ರೆ 115 ವೋಲ್ಟ್ ಹತ್ರ ನಿಂತಿರ್ತದೆ. ಕರೆಂಟು ತೀರಾ ಸಣ್ಣದು, ಜೀವಕ್ಕೇನಿಲ್ಲ, ಆದ್ರೆ ಆ ಸ್ಥಿತಿಯಲ್ಲಿ ಪೆನ್‌ಡ್ರೈವ್, ಎಚ್‌ಡಿಎಂಐ ಕೇಬಲ್ ಹಾಕಿ ತೆಗೆದು ಮಾಡಿದ್ರೆ ಒಂದು ದಿನ ಪೋರ್ಟ್ ಹೋಗ್ತದೆ. ಅರ್ಥ್ ಸರಿ ಮಾಡ್ಸೋ ಖರ್ಚನ್ನ 40 ಸಾವಿರದ ಒಳಗೇ ಲೆಕ್ಕ ಹಾಕಿ, ಅದು ಬೇರೆ ಖರ್ಚಲ್ಲ, ಕಂಪ್ಯೂಟರಿನ ಖರ್ಚೇ.

ಮಿಂಚಿಗೆ ಮಾತ್ರ ಯಾವ ಪಾರ್ಟ್ ತಗೊಂಡ್ರೂ ಉಪಾಯ ಇಲ್ಲ. ಏಪ್ರಿಲ್ ಮೇಯಲ್ಲಿ ಮತ್ತೆ ಅಕ್ಟೋಬರಿಂದ ಆಚೆ ತುಲಾ ಮಳೆಗೆ ಮಧ್ಯಾಹ್ನ ಮೇಲೆ ಮೋಡ ಕಟ್ಟಿದ್ರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಸಾಕಾಗೋದಿಲ್ಲ, ಆ ಸ್ವಿಚ್ಚಿನ ಎಡೆ ಮಿಂಚಿಗೆ ಏನೂ ಅಲ್ಲ. ಮತ್ತೆ ಮರೆಯೋದು ಎಲ್ಲಿ ಅಂದ್ರೆ ಇಂಟರ್ನೆಟ್ ಕೇಬಲ್. "ನಮ್ಮದು ಫೈಬರ್, ಅದರಲ್ಲಿ ಕರೆಂಟು ಬರೋದಿಲ್ಲ" ಅಂತಾರೆ, ಫೈಬರಲ್ಲಿ ಬರೋದಿಲ್ಲ ನಿಜ, ಆದ್ರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಗೆ ಸಿಕ್ಕಿಸಿದ್ದು ತಾನೆ, ಅಲ್ಲಿಂದ ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲಿನ ತಾಮ್ರದಲ್ಲಿ ಸೀದಾ ಮದರ್‌ಬೋರ್ಡಿಗೆ. ಹೆಚ್ಚಿನ ಬೋರ್ಡ್‌ಗಳ ಲ್ಯಾನ್ ಪೋರ್ಟ್ ಹೋಗೋದು ಹೀಗೆಯೇ. ನನ್ನ ಕೇಳಿದ್ರೆ ಲ್ಯಾನ್ ಕೇಬಲ್ಲೇ ಬೇಡ, ಸಣ್ಣ ಯುಎಸ್‌ಬಿ ವೈಫೈ ಹಾಕಿ, ಆ ದಾರಿಯೇ ಬಂದ್.

ಇನ್ನು ಪ್ರೊಸೆಸರ್. ನಿಮ್ಮ ಬಜೆಟಿಗೆ ಎರಡೇ ಹೆಸರು ನೋಡಿದ್ರೆ ಸಾಕು, ಇಂಟೆಲ್ ಐ3-12100 ಮತ್ತೆ ಎಎಂಡಿ ರೈಜನ್ 5 5600ಜಿ. ಎರಡರ ಒಳಗೂ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಬೇಡ. ಇಂಟೆಲಿನ ನಂಬರ್ ಕೊನೆಗೆ ಎಫ್ ಇದ್ರೆ, ಅಂದ್ರೆ 12100ಎಫ್ ಅಂತಿದ್ರೆ ಗ್ರಾಫಿಕ್ಸ್ ಇಲ್ಲ, ಮನೆಗೆ ತಂದು ಆನ್ ಮಾಡಿದ್ರೆ ಸ್ಕ್ರೀನಲ್ಲಿ ಏನೂ ಬರೋದಿಲ್ಲ. ರೇಟ್ ಸ್ವಲ್ಪ ಕಮ್ಮಿ ಅಂತ ಅಂಗಡಿಯವ್ರು ಅದನ್ನ ದಾಟಿಸೋದುಂಟು, ಬಾಕ್ಸಿನ ಮೇಲಿನ ಅಕ್ಷರ ಓದಿಯೇ ದುಡ್ಡು ಕೊಡಿ. ರೈಜನಲ್ಲೂ ಹಾಗೆಯೇ, 5500ಕ್ಕೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ.

5600ಜಿಗೆ ಆರು ಕೋರ್, ಅದರ ವೇಗಾ ಗ್ರಾಫಿಕ್ಸ್ ಗೇಮಿಗೆ ಇಂಟೆಲಿನದ್ದಕ್ಕಿಂತ ಬಹಳ ಒಳ್ಳೇದು. ಬರೀ ಮಗನ ಗೇಮ್ ನೋಡೋದಾದ್ರೆ ಅದೇ. ಆದ್ರೂ ನಿಮಗೆ ನಾನು ಐ3-12100 ಅನ್ನೋದು. ಒಂದು ಕಾರಣ ನಿಮ್ಮ ತಾಳಮದ್ದಳೆ. ಫೋನಲ್ಲಿ ಫುಲ್ ಎಚ್‌ಡಿ ರೆಕಾರ್ಡ್ ಮಾಡಿದ್ರೆ ಸೆಕೆಂಡಿಗೆ 17 ಮೆಗಾಬಿಟ್ ಅಂತ ಲೆಕ್ಕ ಹಿಡಿದ್ರೂ ಗಂಟೆಗೆ ಏಳೂವರೆ ಜಿಬಿ ಆಯ್ತು, ಮೂರು ಗಂಟೆಯ ಒಂದು ಕೂಟಕ್ಕೆ 23 ಜಿಬಿ. ಅದನ್ನ ಎಡಿಟ್ ಮಾಡಿ ಮತ್ತೆ ವಿಡಿಯೋ ಮಾಡುವಾಗ ಇಂಟೆಲಿನ ಕ್ವಿಕ್ ಸಿಂಕ್ ಅನ್ನೋ ಹಾರ್ಡ್‌ವೇರ್ ಎನ್‌ಕೋಡರ್ (ವಿಡಿಯೋ ಫೈಲ್ ಕಟ್ಟೋ ಕೆಲಸಕ್ಕೇ ಇಟ್ಟ ಭಾಗ) ಬಹಳ ಉಪಕಾರಕ್ಕೆ ಬರ್ತದೆ, ಹೆಚ್ಚಿನ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಅದು ತಕರಾರಿಲ್ಲದೆ ಕೆಲಸ ಮಾಡ್ತದೆ. ಯೂಟ್ಯೂಬ್ ಈಗ ಕೊಡೋ ಎವಿ1 ವಿಡಿಯೋ ಬಿಡಿಸೋ ಹಾರ್ಡ್‌ವೇರ್ ಕೂಡ 12100ರಲ್ಲಿ ಇದೆ, 5600ಜಿಯಲ್ಲಿ ಇಲ್ಲ. (ಬರೀ ಮೊದಲು ಕೊನೆ ಕಟ್ ಮಾಡಿ ಪ್ರಸಂಗ ಬೇರೆ ಬೇರೆ ಮಾಡೋದಾದ್ರೆ ಎಡಿಟಿಂಗೇ ಬೇಡ, ಲಾಸ್‌ಲೆಸ್‌ಕಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ, ವಿಡಿಯೋವನ್ನ ಮತ್ತೆ ಎನ್‌ಕೋಡ್ ಮಾಡದೆ ಹಾಗೇ ಕತ್ತರಿಸ್ತದೆ, 23 ಜಿಬಿ ಫೈಲಾದ್ರೂ ಕಾಪಿ ಮಾಡೋವಷ್ಟೇ ಹೊತ್ತು, ಭಾಗವತರ ಸ್ವರ ಚೂರೂ ಕೆಡೋದಿಲ್ಲ.)

ಎರಡನೇ ಕಾರಣ ರ‍್ಯಾಮ್. 2025ರ ಕೊನೆಯಿಂದ ರ‍್ಯಾಮಿನ ರೇಟ್ ಸಿಕ್ಕಾಪಟ್ಟೆ ಏರಿದೆ, ಮೆಮೊರಿ ಚಿಪ್ಪೆಲ್ಲ ಎಐ ಡೇಟಾ ಸೆಂಟರ್‌ಗಳಿಗೆ ಹೋಗ್ತಾ ಉಂಟು, ಮೈಕ್ರಾನ್ ಕಂಪೆನಿಯಂತೂ 2025ರ ಡಿಸೆಂಬರಲ್ಲಿ ನಮ್ಮಂಥವ್ರಿಗೆ ಮಾರೋ ಕ್ರೂಶಿಯಲ್ ಬ್ರಾಂಡನ್ನೇ ನಿಲ್ಲಿಸ್ತೇವೆ ಅಂತ ಹೇಳಿ ಆಯ್ತು. ಹಾಗಾಗಿ ಹಳೇ ವಿಡಿಯೋಗಳಲ್ಲಿ ಹೇಳೋ ರೇಟ್ ಯಾವುದನ್ನೂ ನಂಬ್ಬೇಡಿ, ತಗೊಳ್ಳೋ ದಿನದ ರೇಟ್ ಕೇಳಿ. 5600ಜಿಯ ಗ್ರಾಫಿಕ್ಸ್ ರ‍್ಯಾಮನ್ನೇ ನಂಬಿಕೊಂಡದ್ದು, ಅದಕ್ಕೆ 8 ಜಿಬಿಯ ಎರಡು ಕಡ್ಡಿ ಒಟ್ಟಿಗೇ ಹಾಕ್ಬೇಕು, ಡಿಡಿಆರ್4 3200 (ರ‍್ಯಾಮಿನ ಜಾತಿ ಮತ್ತೆ ಸ್ಪೀಡು) ಒಂದು ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹೋದ್ರೆ ಎರಡರಲ್ಲಿ 51.2, ಒಂದೇ ಹಾಕಿದ್ರೆ ಅದರ ಗೇಮಿಂಗ್ ಶಕ್ತಿ ಸುಮ್ನೆ ಹಾಳು. ನಿಮ್ಮ ಕೆಲಸಕ್ಕೆ 12100 ಆದ್ರೆ ಈಗ ಒಂದು 8 ಜಿಬಿ ಕಡ್ಡಿಯಲ್ಲಿ ಶುರು ಮಾಡಿ, ರೇಟ್ ಇಳಿದಾಗ ಅದೇ ಕಂಪೆನಿಯ ಅದೇ ಸ್ಪೀಡಿನ ಇನ್ನೊಂದು ಹಾಕ್ಬಹುದು. ಒಂದೇ ಸರ್ತಿ 16 ತಗೊಳ್ಳೋ ಹಾಗಿದ್ರೆ ಬಹಳ ಒಳ್ಳೇದು, ಆದ್ರೆ ಅದಕ್ಕಾಗಿ ಎಸ್ಎಂಪಿಎಸ್ ದುಡ್ಡು ಕಮ್ಮಿ ಮಾಡ್ಬೇಡಿ, ರ‍್ಯಾಮ್ ಆಮೇಲೆ ಹಾಕ್ಬಹುದು, ಕಳಪೆ ಎಸ್ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರ್ಕೊಂಡು ಹೋಗ್ತದೆ.

ಬೋರ್ಡ್ ಎಚ್610 ಸಾಕು. ತಗೊಳ್ಳುವಾಗ ಎರಡು ವಿಷಯ. ಎಚ್610ರಲ್ಲಿ ಡಿಡಿಆರ್4ದೂ ಉಂಟು ಡಿಡಿಆರ್5ದೂ ಉಂಟು, ಒಂದರ ಕಡ್ಡಿ ಇನ್ನೊಂದಕ್ಕೆ ಕೂರೋದಿಲ್ಲ, ಡಿಡಿಆರ್4ದ್ದಕ್ಕೆ ಸಾಮಾನ್ಯ ಮಾಡೆಲ್ ಹೆಸರಲ್ಲೇ ಡಿ4 ಅಥವಾ ಡಿಡಿಆರ್4 ಅಂತ ಇರ್ತದೆ. ಮತ್ತೆ ಎನ್‌ವಿಎಂಇ ಎಸ್ಸೆಸ್ಡಿ (ಬೋರ್ಡಿಗೇ ಸೀದಾ ಕೂರೋ, ಸ್ಪೀಡಿನ ಸ್ಟೋರೇಜ್) ಹಾಕೋ ಎಂ.2 ಸ್ಲಾಟ್ ಇದೆಯಾ ನೋಡಿ. ಇಂಟೆಲ್ ಬೋರ್ಡಿನ ಸಾಕೆಟಲ್ಲಿ ಕೂದಲಿನಂಥ 1700 ಪಿನ್ನುಂಟು, ಒಂದು ಬಗ್ಗಿದ್ರೂ "ನೀವೇ ಬಗ್ಗಿಸಿದ್ದು" ಅಂತ ವಾರಂಟಿ ಕೊಡೋದಿಲ್ಲ. ಅದಕ್ಕೆ ಬಾಕ್ಸ್ ಬಿಚ್ಚುವಾಗಲೇ ಆ ಪ್ಲಾಸ್ಟಿಕ್ ಮುಚ್ಚಳದ ಅಡಿ ಬೆಳಕು ಹಿಡಿದು ಫೋಟೋ ತೆಗೀರಿ, ಪ್ರೊಸೆಸರ್ ಇಡುವಾಗ ಮೂಲೆಯ ತ್ರಿಕೋನ ತ್ರಿಕೋನಕ್ಕೆ ಹೊಂದಿಸಿ ಮೇಲಿಂದ ಸೀದಾ ಬಿಡಿ, ಜಾರಿಸ್ಬೇಡಿ. ಜೋಡಿಸೋ ಕೆಲಸದಲ್ಲಿ ಜಾಗ್ರತೆ ಬೇಕಾದ ಜಾಗ ಅದೊಂದೇ, ಉಳಿದದ್ದು ಮಗಳೇ ಮಾಡ್ತಾಳೆ, ಅವಳ ಕೈಯಲ್ಲೇ ಮಾಡ್ಸಿ.

ಎಸ್ಸೆಸ್ಡಿ 500 ಜಿಬಿ ಎನ್‌ವಿಎಂಇ, ಹೆಸರು ಕೇಳಿದ ಕಂಪೆನಿಯದ್ದು. ರೆಕಾರ್ಡಿಂಗ್ ಇಡ್ಲಿಕ್ಕೆ ಬೇರೆ ಹಾರ್ಡ್‌ಡಿಸ್ಕ್ ಬೇಕಾಗ್ತದೆ, ಅದು ಮುಂದಿನ ವರ್ಷ ಆದ್ರೂ ಸಾಕು, ಆದ್ರೆ ಒಂದೇ ಡಿಸ್ಕಲ್ಲಿ ಇಟ್ಟು ನಿಶ್ಚಿಂತೆ ಬೇಡ. ಹಿರಿ ಅರ್ಥಧಾರಿಗಳ ಮಾತು ಇನ್ನೊಮ್ಮೆ ರೆಕಾರ್ಡ್ ಮಾಡ್ಲಿಕ್ಕೆ ಸಿಗೋದಿಲ್ಲ, ಎರಡು ಕಡೆ ಕಾಪಿ ಇರ್ಲಿ.

ಕ್ಯಾಬಿನೆಟಿಗೆ ಗ್ಲಾಸು, ಲೈಟು ಯಾವುದೂ ಬೇಡ. ಎದುರು ಬಲೆ ಇರೋದು, ಒಳಗೊಂದು ಫಿಲ್ಟರ್, ಹಿಂದೆ ಒಂದು 120 ಎಂಎಂ ಫ್ಯಾನ್, ಅಷ್ಟೇ. ನೆಲದಲ್ಲಿ ಇಡ್ಬೇಡಿ, ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್) ನೆಲ ಬೆವರೋದು ನೋಡಿದ್ದೀರಲ್ಲ, ಗೋಡೆಗೂ ತಾಗಿಸ್ಬೇಡಿ. ಪ್ಲಾಸ್ಟಿಕ್ ಕವರ್ ಹೊದಿಸಿ ಇಟ್ರೆ ಥಂಡಿ ಒಳಗೇ ಕೂತ್ಕೊಳ್ತದೆ, ಅದಕ್ಕಿಂತ ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿಟ್ರೆ ಅದರದ್ದೇ ಬಿಸಿಗೆ ಒಣಗ್ತದೆ. ಹಿಂದಿನ ಸ್ಲಾಟ್‌ಗಳ ತಗಡು ಕಿತ್ತು ಬಿಡ್ಬೇಡಿ, ಹಲ್ಲಿ, ಜಿರಳೆ, ಇರುವೆ ಬೆಚ್ಚಗೆ ಸಿಕ್ಕಿತು ಅಂತ ಒಳಗೆ ಹೋಗ್ತಾವೆ, ಇರುವೆ ಎಸ್ಎಂಪಿಎಸ್ ಒಳಗೆ ಗೂಡು ಮಾಡಿ ಶಾರ್ಟ್ ಆದದ್ದು ಬೇಕಾದಷ್ಟು ನೋಡಿದ್ದೇನೆ. ಶಾಲೆ ರಜೆ ಮುಗಿಸಿ ಬಂದು ಆನ್ ಮಾಡುವಾಗ ಡಿಸ್‌ಪ್ಲೇ ಬರದೆ ಬೀಪ್ ಬೀಪ್ ಅಂದ್ರೆ ಹೆದರಿ ಅಂಗಡಿಗೆ ಹೊತ್ಕೊಂಡು ಹೋಗ್ಬೇಡಿ. ಪ್ಲಗ್ ತೆಗೆದು, ರ‍್ಯಾಮ್ ಕಡ್ಡಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಮೆಲ್ಲ ಉಜ್ಜಿ, ಪುಡಿ ಊದಿ ವಾಪಸ್ ಹಾಕಿ, ಹತ್ತರಲ್ಲಿ ಎಂಟು ಸರ್ತಿ ಸರಿಯಾಗ್ತದೆ.

ವಿಂಡೋಸಿನ ದುಡ್ಡು ಉಳಿಸ್ಬಹುದು. ಮಗಳು ಶಾಲೆಯಲ್ಲಿ ಕಲ್ತದ್ದೇ ಲಿನಕ್ಸಲ್ಲಿ, ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡೋ ಸರ್ಕಾರಿ ಸಂಸ್ಥೆ) ಕೊಡೋದು ಉಬುಂಟು ಅನ್ನೋ ಲಿನಕ್ಸ್ ಮೇಲೆ ಕಟ್ಟಿದ ಓಎಸ್ಸು, ಪ್ಲಸ್ ವನ್ನಿನ ಸಿ ಪ್ಲಸ್ ಪ್ಲಸ್ ಅದರಲ್ಲಿ ಆರಾಮ ನಡಿತದೆ. ನಮಗೆ ಈ ಅನುಕೂಲ ಉಂಟು, ಉಪಯೋಗಿಸಿಕೊಳ್ಳಿ. ನಿಮ್ಮ ಪ್ರಶ್ನೆಪತ್ರಿಕೆಗೂ ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಕಗಪ ಅಂತ ಉಂಟು, ನುಡಿ ಸಾಫ್ಟ್‌ವೇರಿನ ಕೀಲಿ ವಿನ್ಯಾಸವೇ, ಬೆರಳು ಹೊಸತಾಗಿ ಕಲಿಬೇಕಾಗಿಲ್ಲ. ಹಳೇ ನುಡಿ ಫೈಲುಗಳನ್ನ ಯುನಿಕೋಡಿಗೆ ಬದಲಿಸೋ ಕನ್ವರ್ಟರ್ ಫ್ರೀ ಸಿಗ್ತದೆ. ಪ್ರಿಂಟಿಂಗ್ ಪ್ರೆಸ್ಸಿನವ್ರು ನುಡಿ ಫೈಲೇ ಬೇಕು ಅಂತ ಹಟ ಹಿಡಿದ್ರೆ ಮಾತ್ರ ವಿಂಡೋಸ್ ಯೋಚನೆ ಮಾಡಿ, ಆಗ್ಲೂ ಐನೂರು ರೂಪಾಯಿಯ ಕೀ ಅಂತ ಮಾರೋದನ್ನ ತಗೊಳ್ಬೇಡಿ, ಅದು ಯಾವಾಗ ಬಂದ್ ಆಗ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ.

ಎಲ್ಲಿ ತಗೊಳ್ಳುದು ಅಂದ್ರೆ, ಕಾಸ್ರಗೋಡು, ಮಂಗ್ಳೂರು, ಆನ್‌ಲೈನ್ ಮೂರೂ ಕಡೆ ಅದೇ ದಿನದ ರೇಟ್ ಕೇಳಿ. ಜಿಎಸ್‌ಟಿ ಎಲ್ಲ ಕಡೆ ಒಂದೇ 18 ಪರ್ಸೆಂಟು, ಗಡಿ ದಾಟಿದ್ರೆ ಕಮ್ಮಿ ಅಂತ ಏನಿಲ್ಲ. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಲ್ಲಿ ಬರ್ಸಿ, ಕೆಟ್ಟೋದ್ರೆ ಯಾವ ಊರಿನ ಸರ್ವೀಸ್ ಸೆಂಟರಿಗೆ ಕೊಡ್ಬೇಕು ಅಂತ ಬಿಲ್ ಮಾಡೋ ಮೊದ್ಲೇ ಕೇಳಿ. ನೂರಿನ್ನೂರು ಹೆಚ್ಚಾದ್ರೂ ಬಸ್ಸಲ್ಲಿ ಹೋಗಿ ಬರ್ಬಹುದಾದಷ್ಟು ಹತ್ತಿರದ ಅಂಗಡಿಯಿಂದ ಬೋರ್ಡ್ ಮತ್ತೆ ಎಸ್ಎಂಪಿಎಸ್ ತಗೊಳ್ಳಿ, ವಾರಂಟಿಗೆ ಹೋಗೋದು ಹೆಚ್ಚಾಗಿ ಅವೆರಡೇ. ಪ್ರೊಸೆಸರ್ ಸೀಲ್ ಬಾಕ್ಸಲ್ಲೇ ಇರ್ಲಿ, ಬಿಡಿ ಟ್ರೇ ಪೀಸಿಗೆ ಕಂಪೆನಿಯ ಮೂರು ವರ್ಷದ ವಾರಂಟಿ ಸಿಗೋದಿಲ್ಲ, ಫ್ಯಾನೂ ಬರೋದಿಲ್ಲ.

ಮಗನಿಗೆ ಈಗ 12100ರಲ್ಲೇ ಸಣ್ಣಪುಟ್ಟ ಗೇಮ್ ನಡಿತದೆ. ದೊಡ್ಡದು ಬೇಕು ಅಂದ್ರೆ ಇನ್ನೊಂದು ವರ್ಷದಲ್ಲಿ ಆರ್‌ಎಕ್ಸ್ 6600 ಥರದ ಕಾರ್ಡ್ ಹಾಕಿ, ಅದು 132 ವಾಟ್ ಎಳಿತದೆ, ನಿಮ್ಮ 450 ವಾಟ್ ಎಸ್ಎಂಪಿಎಸ್ ಸಾಕು, ಏನೂ ಬದಲಿಸ್ಬೇಕಂತಿಲ್ಲ. ಹಳೇ ಮಾನಿಟರಿನ ಹಿಂದೆ ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದ್ರೆ ಎಚ್610 ಬೋರ್ಡ್ ಆರಿಸುವಾಗ ವಿಜಿಎ ಇರೋದೇ ಕೇಳಿ ತಗೊಳ್ಳಿ, ಬಜೆಟ್ ಬೋರ್ಡುಗಳಲ್ಲಿ ಇನ್ನೂ ಕೊಡ್ತಾರೆ. ಸಿಗದಿದ್ರೆ ಎಚ್‌ಡಿಎಂಐಯಿಂದ ವಿಜಿಎ ಮಾಡೋ ಸಣ್ಣ ಕನ್ವರ್ಟರ್ ಒಂದು ಬೇಕಾಗ್ತದೆ, ಬರೀ ಕೇಬಲ್ ತಗೊಂಡ್ರೆ ಆಗೋದಿಲ್ಲ, ಒಳಗೆ ಚಿಪ್ ಇರೋ ಕನ್ವರ್ಟರೇ ಆಗ್ಬೇಕು.